ತಂತಿ ಬಿರಡೆಯ ಬಾಟಲಿ

ನನ್ನ ಮೊಬೈಲಿನಲ್ಲಿ ಒಂದು ಗುಂಪಿದೆ. ಸಣ್ಣ ಸಣ್ಣ ಘಟಕಗಳಲ್ಲಿ ತಯಾರಾಗುವ ಬಗೆಬಗೆಯ ಬಿಯರಿನ ಹುಚ್ಚು ಹಿಡಿದವರದು. ಅಲ್ಲಿ ಯಾರೂ ಮಾರುವುದಿಲ್ಲ, ಕೊಳ್ಳುವುದಿಲ್ಲ. ನನ್ನ ಬಾಟಲಿ ನಿನಗೆ, ನಿನ್ನ ಬಾಟಲಿ ನನಗೆ. ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುವ ನಾನು ಅದರೊಳಗೆ ಬಿದ್ದದ್ದು ಒಂದು ಅರ್ಧ ಗ್ಲಾಸಿನಿಂದ. ಸೀರೆ ಪ್ರದರ್ಶನಕ್ಕೆಂದು ಪುಣೆಗೆ ಹೋದಾಗ ಯಾರೋ ಜೋಳದ ಬಿಯರ್ ಕುಡಿಸಿದರು. ಜೋಳದ್ದು! ನಾವು ಮೂರು ಹೊತ್ತು ರೊಟ್ಟಿ ಬಡಿದು ತಿನ್ನುವ ಜೋಳದ್ದು! ಅಂದೇ ನನ್ನ ತಲೆ ಕೆಟ್ಟಿತು.

ಗುಂಪಿನ ಕಟ್ಟಳೆ ಒಂದೇ. ಹೇಳಿದ ಬಾಟಲಿಯನ್ನೇ ಕೊಡಬೇಕು. ಬೇರೆ ಕೊಟ್ಟು ಮೋಸ ಮಾಡಿದವನು ಹೊರಗೆ. ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಒಬ್ಬನೇ ಕೂಡುವ ನನಗೆ ಆ ಗುಂಪೆಂದರೆ ಜೀವ. ಹುಳಿ, ಕಹಿ, ನೊರೆ ಎಂದು ನಾನು ಹಲುಬುವುದನ್ನು ಕೇಳಿಸಿಕೊಳ್ಳುವವರು ನಮ್ಮೂರಲ್ಲಿ ಮತ್ತಾರೂ ಇರಲಿಲ್ಲ.

ಒಂದು ದಿನ ನರಗುಂದದ ನಿವೃತ್ತ ಗಣಿತದ ಮಾಸ್ತರರೊಬ್ಬರು ಗುಂಪಿನಲ್ಲಿ ಬರೆದರು: ‘ಜೋಳದ ಬಿಯರ್ ಒಂದು ಬಾಟಲಿ ಇದೆ. ಗೋವಾದ ಕೋಕಂ ಬಿಯರ್ ಕೊಟ್ಟರೆ ಕೊಡುತ್ತೇನೆ.’ ಹಿಡಿದ ಲಾಳಿ ಕೈಯಿಂದ ಜಾರಿ ಕುಣಿಗೆ ಬಿತ್ತು. ನನ್ನ ಬಳಿ ಆ ಕೆಂಪು ಹುಳಿಹಣ್ಣಿನ ಕೋಕಂ ಬಿಯರ್ ಇತ್ತು! ಗೋವಾದಿಂದ ಎರಡು ತಂದಿದ್ದೆ, ಎರಡೂ ದಪ್ಪ ಕಂದು ಬಾಟಲಿ, ತಂತಿಯಿಂದ ಬಿಗಿಯುವ ಬಿರಡೆಯವು. ಒಂದನ್ನು ಬಂದ ದಿನವೇ ಮುಗಿಸಿದ್ದೆ. ಖಾಲಿಯಾದ ಬಾಟಲಿಯನ್ನು ಹೆಂಡತಿ ತನ್ನ ಕೆಲಸಕ್ಕೆ ಎತ್ತಿಕೊಂಡಿದ್ದಳು.

ಇಬ್ಬರಿಗೂ ನಡುವಿನ ಊರು ರೋಣ. ಮರುದಿನ ಮುಂಜಾನೆ ಬಸ್ಸು ತಪ್ಪೀತೆಂದು ಗಡಬಡಿಸಿ ಗೋಡೆಯ ಮಾಡದಲ್ಲಿದ್ದ ಬಾಟಲಿಗೆ ಹಳೇ ಧೋತರ ಸುತ್ತಿಕೊಂಡು ಓಡಿದೆ. ರೋಣದ ಬಸ್ ನಿಲ್ದಾಣದಲ್ಲಿ ಮಾಸ್ತರರು ಛತ್ರಿ ಹಿಡಿದು ನಿಂತಿದ್ದರು. ಬಾಟಲಿಗಳು ಕೈಬದಲಾದವು. ಸಂತೆಯಲ್ಲಿ ಕೊಸರು ಹಾಕುವಂತೆ ಇಲ್ಲೂ ಏನಾದರೂ ಮೇಲೆ ಕೊಡುವುದು ರೂಢಿ. ನಾನು ರವಿಕೆಗೆಂದು ನೇಯ್ದ ಒಂದು ಕುಬಸದ ಕಣ ಕೊಟ್ಟೆ, ಅವರು ಶೇಂಗಾ ಹೋಳಿಗೆ ಕೊಟ್ಟರು. ಗಿರ್ಮಿಟ್ ತಿಂದು ಚಹಾ ಕುಡಿದು ಬೀಳ್ಕೊಂಡೆವು. ಬಸ್ಸಿನಲ್ಲಿ ಜೋಳದ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ನಗುತ್ತ ಬಂದೆ. ಪಕ್ಕದಾಕೆ ಎದ್ದು ಬೇರೆ ಸೀಟಿಗೆ ಹೋದಳು.

ಮರುದಿನ ಒಳಗಿನಿಂದ ‘ಭಕ್’ ಎಂಬ ಸದ್ದು, ಹಿಂದೆಯೇ ಹೆಂಡತಿಯ ಕೂಗು.

“ಅಲ್ರೀ, ಗಂಜಿ ಯಾಕ ಬುಸ್ ಅಂತೈತಿ? ಕೆಂಪ ನೊರಿ ಉಕ್ಕಾಕತ್ತೈತಿ, ಲಗೂ ಬರ್ರಿ!”

ಅಯ್ಯೋ ಶಿವನೇ! ಮಗ್ಗದ ಹಾಸಿನ ಉದ್ದೆಳೆಗಳು ಗಟ್ಟಿಯಾಗಲೆಂದು ನಾವು ಜೋಳದ ಹಿಟ್ಟಿನ ಗಂಜಿ ಬಳಿಯುತ್ತೇವೆ. ಆಕೆ ಅದನ್ನು ಆ ಖಾಲಿ ಬಾಟಲಿಯಲ್ಲಿ ತುಂಬಿಡುತ್ತಿದ್ದಳು. ಮಗ್ಗದ ಮನೆ ಸಾರಿಸುವಾಗ ಎರಡೂ ಬಾಟಲಿ ಎತ್ತಿ, ಇಟ್ಟಲ್ಲಿ ಇಡದೆ ಅದಲುಬದಲು ಇಟ್ಟಿದ್ದಾಳೆ. ನನ್ನ ಕೋಕಂ ನೆಲದ ಮೇಲೆ ಹರಿಯುತ್ತಿತ್ತು. ಮಾಸ್ತರರಿಗೆ ಹೋದದ್ದು ಮೂರು ದಿನದ ಹುಳಿ ಗಂಜಿ!

ಮೊಬೈಲು ತೆಗೆದೆ. ಮಾಸ್ತರರು ಆಗಲೇ ಉದ್ದಕ್ಕೆ ಬರೆದಿದ್ದರು. ‘ಇಷ್ಟು ಮಂದವಾದ, ಮಬ್ಬಾದ ಬಿಯರ್ ಈವರೆಗೆ ಕುಡಿದಿಲ್ಲ. ಕೋಕಂ ಎಲ್ಲೋ ಮರೆಯಲ್ಲಿ ನಿಂತಿದೆ. ಸುಟ್ಟ ರೊಟ್ಟಿಯ ವಾಸನೆ, ಹದವಾದ ಹುಳಿ. ಐದಕ್ಕೆ ನಾಲ್ಕೂವರೆ.’ ಕೆಳಗೆ ಸಾಲುಸಾಲು ಜನ ‘ನನಗೂ ಒಂದು’, ‘ನನಗೂ ಒಂದು’ ಎಂದು ಮುಗಿಬಿದ್ದಿದ್ದರು.

ಹೆಂಡತಿ ಓದಿಸಿಕೊಂಡು ಹೊಟ್ಟೆ ಹಿಡಿದು ನಕ್ಕಳು. “ಸುಮ್ನಿರ್ರಿ. ದಿನಾ ಒಂದ ಕೊಡ ಕಾಸಿ ಕೊಡ್ತೀನಿ, ಊರೂರಿಗೆ ಹಂಚ್ರಿ.”

ಸುಮ್ಮನಿದ್ದಿದ್ದರೆ ಜೋಳದ ಬಾಟಲಿಯೂ ನನ್ನದು, ಗುಂಪೂ ನನ್ನದು. ಆದರೆ ಹಾಳು ಸ್ವಭಾವ ನನ್ನದು, ಗಂಟಲಲ್ಲಿ ಏನೂ ನಿಲ್ಲುವುದಿಲ್ಲ. ಫೋನು ಹಚ್ಚಿ ಎಲ್ಲವನ್ನೂ ಒದರಿಬಿಟ್ಟೆ. “ತಪ್ಪಾತ್ರಿ ಸರ್. ನಿಮ್ಮ ಬಾಟ್ಲಿ ಬಿಚ್ಚಿಲ್ಲ, ಹಂಗ ತಂದು ಕೊಡ್ತೀನಿ. ನನ್ನ ಗುಂಪಿನಾಗಿಂದ ತಗೀಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳ್ರಿ.”

ಮಾಸ್ತರರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, “ಗಂಜಿ ಏನ್ರಿ ಅದು?”

“ಹೌದ್ರಿ.”

“ರವಿವಾರ ನರಗುಂದಕ್ಕ ಬರ್ರಿ. ಬಾಟ್ಲಿ ತರ್ರಿ.” ಫೋನು ಕಟ್ಟಾಯಿತು. ಆ ನಾಲ್ಕು ದಿನ ನನಗೆ ರೊಟ್ಟಿ ರುಚಿಸಲಿಲ್ಲ.

ಹೆಂಡತಿಯೂ ಜೊತೆಗೆ ಹೊರಟಳು, ಕೇಳದಿದ್ದರೂ ಒಂದು ತಂಬಿಗೆ ಹೊಸ ಗಂಜಿ ಹಿಡಿದುಕೊಂಡು. ಮಾಸ್ತರರು ನಗಲಿಲ್ಲ. ಜೋಳದ ಬಾಟಲಿ ಇಸಿದುಕೊಂಡು ಬಿಚ್ಚಿ ಮೂರು ಸ್ಟೀಲ್ ಲೋಟಕ್ಕೆ ಸುರಿದರು. ನಾನು ಹಂಬಲಿಸಿದ್ದ ಬಿಯರ್! ಕಣ್ಣು ಮುಚ್ಚಿ ಕುಡಿದೆ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಹೆಂಡತಿ ಮಾತ್ರ ನಾಲಿಗೆಗೆ ಒಂದಿಷ್ಟು ತಾಗಿಸಿ ಮುಖ ಕಿವುಚಿದಳು.

“ಇದ್ರಾಗ ಏನೈತ್ರಿ? ನಮ್ಮ ಗಂಜಿಗೆ ನೀರ ಹಾಕ್ಯಾರ.”

ಮಾಸ್ತರರು ತಂಬಿಗೆಯಿಂದ ಒಂದು ಗುಟುಕು ಕುಡಿದರು, ಲೋಟದಿಂದ ಒಂದು ಗುಟುಕು. ಮತ್ತೆ ತಂಬಿಗೆ. ನಂತರ ಚಷ್ಮಾ ಏರಿಸಿ, ನಮ್ಮ ಎದುರಿಗೇ ಗುಂಪಿಗೆ ಬರೆದು ಮೊಬೈಲು ನನ್ನ ಕೈಗಿತ್ತರು: ‘ಅಂದು ನಾನು ಕುಡಿದದ್ದು ಗಂಜಿ. ನೇಕಾರರು ತಾವೇ ಹೇಳಿದ್ದಾರೆ, ಅವರು ಗುಂಪಿನಲ್ಲೇ ಇರುತ್ತಾರೆ. ಜೋಳದ ಬಿಯರಿಗೆ ಮೂರು. ಗಂಜಿಗೆ ಕೊಟ್ಟ ನಾಲ್ಕೂವರೆ ಹಾಗೆಯೇ ಇರಲಿ; ಒಮ್ಮೆ ಹಾಕಿದ ಮಾರ್ಕನ್ನು ನಾನು ಕಡಿಮೆ ಮಾಡುವವನಲ್ಲ.’