ಮಾರಾಟ ತೆರಿಗೆ ಕಟ್ಟಲು ನಾನೇ ಹೊರಟದ್ದು

ಯಜಮಾನರು ತೀರಿಕೊಂಡ ಮೇಲೆ ಹೊಳೆನರಸೀಪುರದ ಪೇಟೆಬೀದಿಯಲ್ಲಿದ್ದ ನಮ್ಮ ಪಾತ್ರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಾನೇ ಕೂತೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಬೀದಿಯವರಿಗೆಲ್ಲ ಮಾರಾಟ ತೆರಿಗೆ ಎಂದರೆ ಒಬ್ಬ ದಲ್ಲಾಳಿ. ವರ್ಷಕ್ಕೊಮ್ಮೆ ಬಂದು, ಹಾಸನದಲ್ಲಿ ತಾನೇ ಎಲ್ಲ ಸರಿಮಾಡುವುದಾಗಿ ಹೇಳಿ, ಕೊಟ್ಟದ್ದನ್ನು ಒಯ್ಯುತ್ತಿದ್ದ. ರಶೀದಿ ಮಾತ್ರ ಕೊಟ್ಟವನಲ್ಲ.

ಆ ವರ್ಷ ನಾನು ರಶೀದಿ ಕೇಳಿದೆ. ಅವನು ನಕ್ಕ.

"ಸಾಹೇಬ್ರು ಆಸನಕ್ಕೆ ಕರೆಸುದ್ರೆ ಎಂಗಸು ನೀವು ಓಗಕ್ಕಾಯ್ತದೇನವ್ವಾ?"

"ಅವ್ರು ಕರೆಸಾದ್ಯಾಕೆ? ನಾನೇ ಓಯ್ತೀನಿ."

ಅಂದದ್ದೇನೋ ಅಂದುಬಿಟ್ಟೆ, ಅಲ್ಲಿಯತನಕ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಆದರೂ ಮರುದಿನ ಬೆಳಗಿನ ರೈಲು ಹತ್ತಿದೆ. ಹಾಸನದ ತೆರಿಗೆ ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನವರು. ಕುರ್ಚಿ ತರಿಸಿ ಕೂರಿಸಿ, ಯಾವುದಕ್ಕೆ ತೆರಿಗೆ, ಯಾಕೆ ಎಂದು ಕನ್ನಡದಲ್ಲೇ ಬಿಡಿಸಿ ಹೇಳಿದರು. ಲೆಕ್ಕ ಹಾಕಿದರೆ ದಲ್ಲಾಳಿ ಕೇಳಿದ್ದಕ್ಕಿಂತ ಹೆಚ್ಚೇ ಆಯಿತು. ನನ್ನ ಮುಖ ಬಾಡಿದ್ದನ್ನು ಕಂಡು, "ಕಂತಿನಲ್ಲಿ ಕಟ್ಟಿ ತಾಯಿ. ಆಮೇಲೆ ಯಾರು ಬಂದ್ರೂ ನೀವು ಹೆದರಬೇಕಾಗಿಲ್ಲ" ಎಂದರು. ನನಗೆ ಬೇಕಾಗಿದ್ದದ್ದೂ ಅದೇ. ಕಟ್ಟಿದೆ.

ಪಕ್ಕದ ಪಾತ್ರೆ ಅಂಗಡಿಯವರು ದೂರದ ನೆಂಟರು, ನನ್ನನ್ನು ಅಕ್ಕ ಎನ್ನುವವರು. ವಿಷಯ ತಿಳಿದು ರೇಗಿದರು.

"ಏನಕ್ಕಾ, ಬೀದೀಗೇ ಬೆಂಕಿ ಇಕ್ತೀಯಲ್ಲ! ನೀನು ಕಟ್ಟುದ್ರೆ ನಾಳೆ ನಮ್ಮುನ್ನೂ ಕೇಳ್ತಾರೆ."

"ಕೇಳ್ಲಿ. ನಾನಂತೂ ಕದ್ದುಮುಚ್ಚಿ ಯಾಪಾರ ಮಾಡಾಕಿಲ್ಲ ಕಣಪ್ಪ."

ಮದುವೆಗಳ ಕಾಲ ಬಂದಾಗ ಪೆಟ್ಟು ಬಿತ್ತು. ತೆರಿಗೆ ಸೇರಿಸಿ ಬಿಲ್ಲು ಬರೆದರೆ ನಮ್ಮ ಬಿಂದಿಗೆ, ಕೊಳಗದ ಬೆಲೆ ಪಕ್ಕದಂಗಡಿಗಿಂತ ಏರುತ್ತಿತ್ತು. ಹಳೇಕೋಟೆ ಕಡೆಯ ಖಾಯಂ ಗಿರಾಕಿಗಳು ನಮ್ಮ ಬಾಗಿಲು ದಾಟಿಕೊಂಡು ಅವರಲ್ಲಿಗೆ ಹೋದರು. ಲಾಭ ಇಳಿಸಿ ಮಾರಿದೆ. ಮನೆಯಲ್ಲಿ ಖರ್ಚು ಬಿಗಿಹಿಡಿದೆ. ಬಿಲ್ಲು ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಒಂದು ಮಧ್ಯಾಹ್ನ ತೆರಿಗೆಯವರು ತಪಾಸಣೆಗೆ ಬಂದಿದ್ದಾರೆಂಬ ಸುದ್ದಿ ಹಬ್ಬಿ, ಬೀದಿಯ ಅಂಗಡಿಗಳೆಲ್ಲ ದಡದಡನೆ ಮುಚ್ಚಿದವು. ನಾನು ತೆರೆದೇ ಕೂತಿದ್ದೆ. ಅವರು ಬಿಲ್ಲುಗಳನ್ನು ನೋಡಿ, ನೀರು ಕೇಳಿ ಕುಡಿದು ಹೋದರು. ಅವರು ಬೀದಿ ದಾಟಿದ ಮೇಲೆ ಪಕ್ಕದಂಗಡಿಯವರು ಹಿತ್ತಲ ಬಾಗಿಲಿಂದ ಬಂದರು. ಮೈಯೆಲ್ಲ ಬೆವರು.

"ನಿಂಗೆ ಭಯ ಆಗ್ನಿಲ್ವಾ ಅಕ್ಕಾ?"

"ಕಟ್ಟೋದ್ನ ಕಟ್ಟಿವ್ನಿ. ಭಯ ಯಾಕಾದದು?"

ಅವರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. "ಇಂಗೆ ಬಾಗ್ಲಾಕ್ಕೊಂಡು ಎಷ್ಟು ದಿನ ಬಾಳಾದು? ಇನ್ನೊಂದು ಸಲ ಓಗುವಾಗ ನನ್ನೂ ಕರ್ಕೊಂಡೋಗು."

ಕರೆದೊಯ್ದೆ. ಆಮೇಲೆ ನಮ್ಮ ಬೀದಿಯಿಂದ ಇನ್ನೂ ಕೆಲವರು ಹಾಸನದ ದಾರಿ ಹಿಡಿದರು. ದಲ್ಲಾಳಿ ನಮ್ಮ ಬೀದಿ ಬಿಟ್ಟು ಅರಕಲಗೂಡಿನ ಕಡೆ ಓಡಾಡುತ್ತಿದ್ದಾನೆಂದು ಯಾರೋ ಹೇಳಿದರು. ಬಿಟ್ಟುಹೋದ ಗಿರಾಕಿಗಳಲ್ಲಿ ಕೆಲವರು ಮರಳಿದರು, ಕೆಲವರು ಬರಲೇ ಇಲ್ಲ. ಅಂಗಡಿಯನ್ನಂತೂ ನಡೆಸಿಕೊಂಡು ಬಂದೆ.