ಕಿಟಕಿ ಬೆಂಚಿನ ಗೌರಿ

ಮಳವಳ್ಳಿ–ಮದ್ದೂರು ಬಸ್ಸಿನ ಕಂಡಕ್ಟರ್ ಸಿದ್ದರಾಮು, ಜನ ತನ್ನ ಮಗಳನ್ನು ಬೈಯುವುದನ್ನು ಒಂದು ಇಡೀ ಮಳೆಗಾಲ ಸಂತೋಷದಿಂದ ಕೇಳಿಸಿಕೊಂಡ.

ವಾರದ ಕೊನೆಗೆ ಟಿವಿಯಲ್ಲಿ ‘ಕಿಟಕಿ ಬೆಂಚು’ ಎಂಬ ಧಾರಾವಾಹಿ ಬರುತ್ತಿತ್ತು. ಒಂದು ಹೈಸ್ಕೂಲಿನ ಹೆಣ್ಣುಮಕ್ಕಳ ಗುಂಪುಗಳ ಕಥೆ: ಯಾರ ಪಕ್ಕ ಯಾರು ಕೂರಬೇಕು, ಯಾರ ಊಟದ ಡಬ್ಬಿಗೆ ಯಾರು ಕೈ ಹಾಕಬಹುದು, ಯಾರನ್ನು ಮಾತಾಡಿಸಬಾರದು. ಕಿಟಕಿ ಬೆಂಚಿನ ಗುಂಪಿಗೆ ಗೌರಿ ಎಂಬವಳು ನಾಯಕಿ. ಆ ಗೌರಿಯಾಗಿ ನಟಿಸಿದವಳು ಸಿದ್ದರಾಮುವಿನ ಮಗಳು, ಒಂಬತ್ತನೇ ಕ್ಲಾಸಿನ ಶೋಭಿತಾ. ಬೆಂಗಳೂರಿನವರು ಮಳವಳ್ಳಿಯ ಶಾಲೆಗಳಿಗೆ ಬಂದು, ಮಕ್ಕಳನ್ನು ಮಾತಾಡಿಸಿ ಆರಿಸಿಕೊಂಡಿದ್ದರು. ಶೂಟಿಂಗೂ ಬೇಸಿಗೆ ರಜೆಯಲ್ಲಿ ಅಲ್ಲೇ ನಡೆದಿತ್ತು.

ಸೋಮವಾರ ಬಸ್ಸಿನಲ್ಲಿ ಗೌರಿಯದೇ ಮಾತು. ಒಮ್ಮೆ ಭಾರತೀನಗರದಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದವಳಿಗೆ, “ಆ ಗೌರಿ ಅಪ್ಪ ಅನ್ನೋನು ಯಾವನೋ ಕಾಣೆ ಕಣಮ್ಮಿ. ನೆಟ್ಟಗೆ ಒಂದ್ ಬಿಗ್ದಿದ್ರೆ ಇಂಗಾಡ್ತಿದ್ಲಾ?” ಅಂದಳು. ಸಿದ್ದರಾಮು ಆಕೆಯ ಆಧಾರ್ ಕಾರ್ಡು ನೋಡಿ, ಉಚಿತ ಟಿಕೆಟ್ ಹರಿದು ಕೊಟ್ಟು, ಮುಂದಿನ ಸೀಟಿಗೆ ಹೋದ. ಮನೆಯಲ್ಲಿ ಹೇಳಿದಾಗ ಹೆಂಡತಿ ದೇವಿರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಶೋಭಿತಾ ಮಾತ್ರ ಆ ಹೆಂಗಸು ಕೈ ಹೇಗೆ ಎತ್ತಿದಳು, ‘ಬಿಗ್ದಿದ್ರೆ’ ಅನ್ನುವಾಗ ತುಟಿ ಹೇಗಿತ್ತು ಎಂದೆಲ್ಲ ಕೇಳಿ, ಅದನ್ನೇ ಮಾಡಿ ತೋರಿಸಿದಳು.

ಪತ್ರಿಕೆಗಳಲ್ಲಿ ವಿಮರ್ಶೆಗಳು ಬಂದವು. ಧಾರಾವಾಹಿಯ ಬಗ್ಗೆ ಒಳ್ಳೆಯ ಮಾತು ಕಡಿಮೆ. ಮಕ್ಕಳಲ್ಲಿ ಇಷ್ಟು ಕ್ರೌರ್ಯ ಎಲ್ಲಿದೆ ಎಂದು ಒಬ್ಬರು ಕೇಳಿದ್ದರು. ಮೇಷ್ಟರುಗಳನ್ನೆಲ್ಲ ಪೆದ್ದರನ್ನಾಗಿ ಮಾಡಲಾಗಿದೆ ಎಂಬುದು ಇನ್ನೊಬ್ಬರ ದೂರು. ಗೌರಿಯನ್ನು ಮಾತ್ರ ಇಬ್ಬರೂ ಹೊಗಳಿದ್ದರು. ಹೆದರುವ ಸ್ವಭಾವದ ಗೆಳತಿಯ ಕೈಲಿ ಬ್ಯಾಗು ಹೊರಿಸಿ, ತಾನು ಹಿಂದಿರುಗಿ ನೋಡದೆ ಶಾಲೆಯ ಮೈದಾನ ದಾಟುವ ದೃಶ್ಯವೊಂದಿತ್ತು. “ಆ ನಡಿಗೆಯಲ್ಲಿ ಒಂದು ಊರನ್ನೇ ಆಳಿದ ಗತ್ತಿದೆ” ಎಂದು ಮಂಡ್ಯದ ಪತ್ರಿಕೆ ಬರೆಯಿತು.

ಊರನ್ನು ಆಳಿದ ಮನೆ ಬೇರೆಯಿತ್ತು. ಬ್ಯಾಗು ಹೊತ್ತವಳ ಪಾತ್ರ ಮಾಡಿದ್ದ ದೀಪಿಕ, ಸಿದ್ದರಾಮುವಿನ ಊರಿನವರೇ ಆದ ಚಿಕ್ಕಬೋರಯ್ಯನವರ ಮೊಮ್ಮಗಳು. ಕಬ್ಬಿನ ಗದ್ದೆಗಳು, ಹಾಲಿನ ಡೇರಿಯ ಅಧ್ಯಕ್ಷಗಿರಿ, ಪಂಚಾಯಿತಿಯಲ್ಲಿ ಕೊನೆಯ ಮಾತು, ಎಲ್ಲ ಆ ಮನೆಯವು. ಸಿದ್ದರಾಮುವಿನ ಅಪ್ಪ ಅವರ ಗದ್ದೆಯಲ್ಲಿ ದುಡಿದು, ಹೊಸ್ತಿಲ ಆಚೆ ನಿಂತು ಕೂಲಿ ಪಡೆದವನು. ಸಿದ್ದರಾಮು ಓದಿ, ಸರ್ಕಾರಿ ಬಸ್ಸಿನ ಕೆಲಸ ಹಿಡಿದು, ಕೇರಿಯಲ್ಲಿ ತಾರಸಿ ಮನೆ ಕಟ್ಟಿ, ಬಾಗಿಲ ಮೇಲೆ ಬುದ್ಧನ ಪಟ ಹಾಕಿದ. ಯಾರೊಡನೆಯೂ ಜಗಳವಾಡದೆ ಮೇಲೆ ಬಂದೆನೆಂಬುದು ಅವನ ಹೆಮ್ಮೆ. ಎದುರಿನವರ ದನಿ ಏರುವ ಮೊದಲೇ ತನ್ನದನ್ನು ಇಳಿಸಿಬಿಡುವುದು ಅವನಿಗೆ ಬಸ್ಸಿನಲ್ಲೂ ರೂಢಿ, ಊರಿನಲ್ಲೂ ರೂಢಿ.

ಒಂದು ಬೆಳಿಗ್ಗೆ ಅವನು ಡೇರಿಗೆ ಹಾಲು ಹಾಕಲು ಹೋದಾಗ ಚಿಕ್ಕಬೋರಯ್ಯ ಓದುತ್ತಿದ್ದ ಪೇಪರು ಮಡಚಿಟ್ಟರು. ನಾಲ್ಕಾರು ಜನ ಕ್ಯಾನು ಹಿಡಿದು ನಿಂತಿದ್ದರು.

“ಏನ್ಲಾ ಸಿದ್ದರಾಮು, ನಮ್ ಮಗೀನ ಕೈಲಿ ನಿನ್ ಮಗ್ಳು ಬ್ಯಾಗ್ ಒರಿಸವ್ಳೆ. ಪೇಪರ್ನಾಗೂ ಬಂದೈತಲ್ಲ.”

“ಅದು ಸೀರಿಯಲ್ಲು ಗೌಡ್ರೆ.”

“ಸೀರಿಯಲ್ಲೇ ಕಣ್ಲಾ. ನಾನೇನ್ ನಿಜ ಅಂದ್ನಾ?”

ನಿಂತವರು ನಕ್ಕರು, ಚಿಕ್ಕಬೋರಯ್ಯನವರೂ ನಕ್ಕರು. ಅಷ್ಟೇ. ಮಗಳನ್ನು ಧಾರಾವಾಹಿಯಿಂದ ಬಿಡಿಸು ಎಂದು ಯಾರೂ ಅನ್ನಲಿಲ್ಲ, ಅವನ ಹಾಲು ಬೇಡ ಎಂದೂ ಅನ್ನಲಿಲ್ಲ. ಸಿದ್ದರಾಮು ಆ ನಗುವನ್ನೇ ಮಳವಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ ದಿನವಿಡೀ ತಿರುಗಿಸಿ ಮುರುಗಿಸಿ ನೋಡಿದ. ಕೆಲವು ದಿನಗಳ ನಂತರ ಎರಡನೇ ಭಾಗಕ್ಕೆ ಒಪ್ಪಿಗೆ ಕೇಳಿ ಬೆಂಗಳೂರಿನಿಂದ ಫೋನು ಬಂತು. ಬರುವ ವರ್ಷ ಹತ್ತನೇ ಕ್ಲಾಸು, ಓದು ಕೆಡುತ್ತದೆ, ಮಗಳಿಗೂ ಮನಸ್ಸಿಲ್ಲ ಎಂದು ಹೇಳಿ ಇಟ್ಟುಬಿಟ್ಟ. ಮಗಳು ಆಗ ಟ್ಯೂಷನ್ನಿಗೆ ಹೋಗಿದ್ದಳು.

ಸಂಜೆ ವಿಷಯ ತಿಳಿದಾಗ ಕೂಗಾಡಿದವಳು ದೇವಿರಮ್ಮ. ಶೋಭಿತಾ ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದು ಊಟಕ್ಕೆ ಕೂತಳು. ಬಸ್ಸಿನ ಜನ ಏನಂದರೆಂದು ಆಮೇಲೆ ಅವಳು ಕೇಳಲೇ ಇಲ್ಲ.

ಎರಡನೇ ಭಾಗದಲ್ಲಿ ಗೌರಿ ಹಾಸ್ಟೆಲ್ಲಿಗೆ ಹೋದಳೆಂದು ಒಂದೇ ಮಾತಿನಲ್ಲಿ ಮುಗಿಸಿ, ಬೆಂಗಳೂರಿನ ಹುಡುಗಿಯೊಬ್ಬಳನ್ನು ಕಿಟಕಿ ಬೆಂಚಿಗೆ ತಂದು ಕೂರಿಸಿದ್ದರು. ದೀಪಿಕ ಮುಂದುವರಿದಿದ್ದಳು. ಮೊದಲ ಸಲ ಕ್ರೌರ್ಯ ಹೆಚ್ಚಾಯಿತೆಂದಿದ್ದ ವಿಮರ್ಶಕರೇ ಈಗ ಸಪ್ಪೆ ಎಂದರು. ಗೌರಿಯಿಲ್ಲದೆ ಬ್ಯಾಗು ಹೊರುವವಳ ಹೆದರಿಕೆಯೂ ಸುಳ್ಳೆನಿಸುತ್ತದೆ ಎಂದು ಮಂಡ್ಯದ ಪತ್ರಿಕೆ ಬರೆಯಿತು. ಸೋಮವಾರದ ಬಸ್ಸಿನಲ್ಲಿ ಜನ ಬೇರೆ ಮಾತಾಡಿಕೊಂಡರು.

ಆ ದಿನಗಳಲ್ಲೇ ಚಿಕ್ಕಬೋರಯ್ಯ ಮಳವಳ್ಳಿ ಸ್ಟ್ಯಾಂಡಿನಲ್ಲಿ ಅವನ ಬಸ್ಸು ಹತ್ತಿದರು. ಟಿಕೆಟ್ ಕೊಟ್ಟ ಕೈಯನ್ನೇ ಹಿಡಿದು ನಿಲ್ಲಿಸಿಕೊಂಡರು.

“ಮಗೀನ ಯಾಕ್ಲಾ ಬುಡಿಸ್ದೆ? ಅವ್ಳಿಲ್ದೆ ನಮ್ ದೀಪಿಕನ್ನೂ ಯಾರೂ ಕೇಳೋರಿಲ್ಲ.”

“ಅವತ್ತು ಡೇರಿತಾವ ತಾವು...”

“ಏನಂದೆ? ಚೇಷ್ಟೆಗೆ ಒಂದ್ ಮಾತಂದೆ. ಅದ್ಕೇ ಬುಡಿಸ್ಬುಟ್ಯಾ? ನಿನ್ನಂಥ ಪುಕ್ಲನ್ನ ನಾ ನೋಡ್ನಿಲ್ಲ ಬುಡು.”

ಅದು ಚೇಷ್ಟೆಯೇ ಆಗಿತ್ತೋ, ಈಗ ಹಾಗನ್ನುತ್ತಿದ್ದಾರೋ ಸಿದ್ದರಾಮುವಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಮಗಳಿಗೆ ಆದ ನಷ್ಟ ಒಂದೇ. ಆ ಫೋನು ಇಟ್ಟದ್ದು ತನ್ನ ಕೈ.

ಶೋಭಿತಾ ಈಗ ಭಾರತೀನಗರದ ಕಾಲೇಜಿನಲ್ಲಿ ಪಿಯುಸಿ ಓದುತ್ತಾಳೆ, ಬೆಳಿಗ್ಗೆ ಅಪ್ಪನ ಬಸ್ಸಿನಲ್ಲೇ ಹೋಗುತ್ತಾಳೆ. ಮೂರನೇ ಭಾಗ ತೆಗೆಯುತ್ತಾರೆಂಬ ಸುದ್ದಿ ಬಂದ ಮೇಲೆ ಸಿದ್ದರಾಮು ಹಲವು ದಿನ ಮಾತು ಜೋಡಿಸಿಕೊಂಡ. ಕಡೆಗೊಂದು ಬೆಳಿಗ್ಗೆ, ಬಸ್ಸು ಇನ್ನೂ ತುಂಬದಿದ್ದಾಗ, ಅವಳ ಸೀಟಿನ ಬಳಿ ನಿಂತ.

“ಮೂರ್ನೇದು ಮಾಡ್ತಾರಂತೆ ಕಣಮ್ಮ. ಬೆಂಗ್ಳೂರಿಗೆ ನಾನೇ ಫೋನ್ ಮಾಡ್ಲಾ? ನೀ ಏನಂತೀಯ?”

“ನಾನೇ ಮಾಡಿದ್ದೆ ಅಪ್ಪ,” ಅಂದಳು ಶೋಭಿತಾ. “ಫೋಟೋ ಕಳ್ಸು ಅಂದ್ರು, ಕಳಿಸ್ದೆ. ದೊಡ್ಡೋಳಾಗ್ಬುಟ್ಟಿದೀಯ, ಐಸ್ಕೂಲ್ ಹುಡ್ಗಿ ಅಂದ್ರೆ ಈಗ ಯಾರೂ ನಂಬಕಿಲ್ಲ ಅಂದ್ರು.”

ಬೇಸರವಾಗಲಿ ಕೊಂಕಾಗಲಿ ಆ ದನಿಯಲ್ಲಿರಲಿಲ್ಲ. ನನಗೊಂದು ಮಾತು ಹೇಳಬಾರದಿತ್ತೆ ಎಂಬುದು ಅವನ ಬಾಯಿಗೆ ಬಂತು. ಅದನ್ನು ನುಂಗಿಕೊಂಡು, ಟಿಕೆಟ್ ಮೆಷೀನು ಹಿಡಿದು, ಹಿಂದಿನ ಸೀಟುಗಳತ್ತ ಹೋದ.