ರೂಡಿಯ ಡಬ್ಬಿ ತುಂಬಿಸಿದವನು

ನನ್ನ ತಮ್ಮ ಎಲ್ಡನ್‌ಗೆ ಸತ್ತವನ ಮೇಲೆ ಹೊಟ್ಟೆಕಿಚ್ಚು. ಬದುಕಿರುವವನ ಮೇಲಾದರೆ ಜಗಳವಾಡಬಹುದು, ಮಾತು ಬಿಡಬಹುದು, ಅವನ ದೋಣಿಯ ಪಕ್ಕದಲ್ಲೇ ದೋಣಿ ನಿಲ್ಲಿಸಿ ಅವನಿಗಿಂತ ದೊಡ್ಡ ಮೀನು ಎತ್ತಿ ತೋರಿಸಬಹುದು. ಸತ್ತವನಿಗೆ ಏನು ಮಾಡುತ್ತೀರಿ? ರೂಡಿ ಸಲ್ಮೆಲಾ ಚರ್ಚಿನ ಹಿಂದೆ ಮಣ್ಣಾಗಿ ಹತ್ತು ವರ್ಷದ ಮೇಲಾಯಿತು. ಆದರೂ ನಮ್ಮ ಕೌಕೋ ಕೆರೆಯ ಮೇಲೆ ಇವತ್ತಿಗೂ ಅವನದೇ ದರ್ಬಾರು.

ಎಲ್ಡನ್ ಐವತ್ತು ದಾಟುವವರೆಗೂ ಮದುವೆಯ ಸುದ್ದಿ ಎತ್ತದೆ, ಕೌಂಟಿಯ ಹಿಮ ತೆಗೆಯುವ ಲಾರಿ ಓಡಿಸಿಕೊಂಡು, ನನ್ನ ಕೈಯಡುಗೆ ತಿಂದುಕೊಂಡು ಹಾಯಾಗಿದ್ದವನು. ಮಿನ್ನೆಸೋಟದ ಈ ಮೂಲೆಯಲ್ಲಿ ಅಂಥ ಗಂಡಸರು ಬೇಕಾದಷ್ಟು ಜನ ಇದ್ದಾರೆ. ರೂಡಿ ಸತ್ತು ಎರಡನೇ ಬೇಸಿಗೆಗೆ ಅವನ ಹೆಂಡತಿ ಇರ್ಮಾ ನನ್ನ ತಮ್ಮನನ್ನು ನನ್ನ ಊಟದ ಮೇಜಿನಿಂದ ಎಬ್ಬಿಸಿಕೊಂಡು ಹೋದಳು. ನನಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೂರಬಾರದು. ಅವಳು ಮಾಡುವ ಏಲಕ್ಕಿ ಬ್ರೆಡ್ಡು ನನ್ನದಕ್ಕಿಂತ ಮೆತ್ತಗಿರುತ್ತದೆ ಎಂದು ಎಲ್ಡನ್ ನನ್ನ ಮನೆಯಲ್ಲೇ ಕೂತು ಹೇಳಿದ್ದಾನೆ.

ರೂಡಿ ಹೆಸರಾಗಿದ್ದು ಜಿಗ್ಗಿನಿಂದ. ಜಿಗ್ಗು ಅಂದರೆ ಗಾಳದ ಕೊಕ್ಕೆಯ ಕುತ್ತಿಗೆಗೆ ಸೀಸದ ಪುಟ್ಟ ತಲೆ ಎರಕ ಹೊಯ್ದದ್ದು. ನೀರಿನ ತಳಕ್ಕೆ ಹೋಗಿ ಕುಣಿಯುತ್ತದೆ, ಮೀನು ಮೋಸಹೋಗಿ ನುಂಗುತ್ತದೆ. ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಇಲ್ಲಿ ಮರ್ಯಾದಸ್ಥರು ಚಳಿಗಾಲದಲ್ಲಿ ಕೂತು ತಾವೇ ಹೊಯ್ದುಕೊಳ್ಳುತ್ತಾರೆ. ರೂಡಿಯ ಅಚ್ಚಿನಲ್ಲಿ ಒಂದು ಗೀರು ಬಿದ್ದಿತ್ತು. ಅದರಿಂದ ಅವನ ಪ್ರತಿ ಜಿಗ್ಗಿನ ಗದ್ದದ ಕೆಳಗೂ ನರುಲಿಯಂಥ ಒಂದು ಪುಟ್ಟ ಉಬ್ಬು. ಆ ನರುಲಿ ನೋಡಿದರೆ ಸಾಕು, ಇದು ರೂಡಿಯದು ಎಂದು ಕೆರೆಯ ಸುತ್ತ ಯಾರು ಬೇಕಾದರೂ ಹೇಳುತ್ತಿದ್ದರು. ಬಣ್ಣ ಬಳಿಯುತ್ತಿರಲಿಲ್ಲ, ಕಣ್ಣು ಬರೆಯುತ್ತಿರಲಿಲ್ಲ, ಬೋಳು ಸೀಸ. ಅದಕ್ಕೇ ಮೀನು ಮುಗಿಬೀಳುತ್ತಿದ್ದವು. ಹೋಗುವಾಗ ಒಂದು ಕಾಫಿ ಡಬ್ಬಿ ತುಂಬ ಬಿಟ್ಟುಹೋದ.

ಇರ್ಮಾ ಗಾಳ ಹಾಕುವುದರಲ್ಲಿ ಗಂಡಸರನ್ನು ಮೀರಿಸಿದವಳು, ಅದನ್ನು ಇಲ್ಲವೆನ್ನಲಾರೆ. ಎಲ್ಡನ್ ಮದುವೆಯಾದ ಹೊಸದರಲ್ಲಿ ತಾನೇ ಜಿಗ್ಗು ಹೊಯ್ದು, ಕೆಂಪು ಬಿಳಿ ಬಳಿದು, ಪುಟ್ಟ ಕಣ್ಣು ಬರೆದು ಅವಳಿಗೆ ಕೊಟ್ಟ. ಅವಳು ಅಂಗೈ ಮೇಲಿಟ್ಟುಕೊಂಡು ನೋಡಿ, ಎಷ್ಟು ಚಂದ, ಗೋಡೆಗೆ ಹಾಕೋಣ ಅಂದಳು. ಹಾಕಿದಳು ಕೂಡ. ಆಮೇಲೆ ದೋಣಿ ಹತ್ತಿ ಸೀಟಿನ ಕೆಳಗಿನ ಕಾಫಿ ಡಬ್ಬಿಗೆ ಕೈ ಹಾಕಿದಳು. ಮೀನು ಬಿದ್ದಾಗಲೆಲ್ಲ ಒಂದೇ ಮಾತು: ರೂಡಿಯ ಜಿಗ್ಗು, ತಪ್ಪೋದೇ ಇಲ್ಲ.

ಆ ವರ್ಷ ಹೊಸ ವರ್ಷದ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಸೀಸ ಕರಗಿಸಿದೆವು. ಇದು ನಮ್ಮ ಫಿನ್ನಿಶ್ ಜನರ ಹಳೆಯ ಪದ್ಧತಿ. ಕರಗಿದ ಸೀಸವನ್ನು ತಣ್ಣೀರಿನ ಬಕೆಟ್ಟಿಗೆ ಸುರಿಯುವುದು, ಗಟ್ಟಿಯಾದ ಉಂಡೆಯನ್ನು ಮೋಂಬತ್ತಿಯ ಮುಂದೆ ಹಿಡಿಯುವುದು, ಗೋಡೆಯ ಮೇಲಿನ ನೆರಳು ನೋಡಿ ಬರುವ ವರ್ಷದ ಭವಿಷ್ಯ ಹೇಳುವುದು. ಎಲ್ಡನ್‌ನ ಉಂಡೆ ಹಿಡಿದಾಗ ನಾನು ಎಮ್ಮೆ ಅಂದೆ. ಇರ್ಮಾ ತಲೆ ವಾರೆ ಮಾಡಿ ನೋಡಿ, ಥೇಟ್ ರೂಡಿಯ ದೋಣಿ ಅಂದಳು. ನನ್ನ ತಮ್ಮನ ಮುಖ ನೋಡಬೇಕಿತ್ತು ನೀವು.

ಅದಾಗಿ ವಾರವಾಗುವುದರೊಳಗೆ ಅವನು ರೂಡಿಯ ಹಳೆಯ ಅಚ್ಚನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ನನ್ನ ಶೆಡ್ಡಿಗೆ ಬಂದ. ಆ ಅಚ್ಚಿನಲ್ಲೇ ಹೊಯ್ದು, ಬಣ್ಣ ಬಳಿಯದೆ, ಅವಳ ಡಬ್ಬಿಯೊಳಗೆ ಬೆರೆಸಿಬಿಡುವುದು ಅವನ ಹಂಚಿಕೆ. ಹೊಗೆ ಕಂಡು ಯಾರಾದರೂ ವಿಚಾರಿಸಿಯಾರೆಂದು ಶೆಡ್ಡಿನ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕೂತ. ಸೀಸದ ಹೊಗೆ ಕುಡಿದು ಸಾಯುತ್ತೀಯ ಎಂದು ಬೈದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಬೈದು ಬೈದು ಸೋತು ಕಾಫಿ ಕೊಟ್ಟೆ. ಏನು ಮಾಡಲಿ, ಎಷ್ಟೋ ದಿನದ ಮೇಲೆ ನನ್ನ ಮನೆಗೆ ಬಂದಿದ್ದ.

ವಸಂತದಲ್ಲಿ ಮೀನು ಹಿಡಿಯಲು ಅನುಮತಿ ಸಿಕ್ಕ ಮೊದಲ ದಿನವೇ ಇರ್ಮಾಳಿಗೆ ಭಾರೀ ವಾಲೈ ಮೀನು ಬಿತ್ತು. ಹೊಸ ಎರಕ ಎಂದು ಎಲ್ಡನ್‌ಗೆ ಗುರುತು ಸಿಕ್ಕಿತು. ಅವಳು ಮಾತ್ರ ಎಂದಿನಂತೆ ರೂಡಿಯ ಹೆಸರೇ ಹೇಳಿದಳು. ಎಲ್ಡನ್ ಆವತ್ತು ನನ್ನ ಅಡುಗೆಮನೆಯಲ್ಲಿ ಕುಣಿಯುವುದೊಂದು ಬಾಕಿ. ಮುಂದಿನ ವರ್ಷದ ಹೊತ್ತಿಗೆ ಕುಣಿತ ಇಳಿದು ಹೊಟ್ಟೆಯುರಿ ಏರಿತ್ತು.

"ಅಕ್ಕಾ, ಮೀನು ಬಿದ್ದಿದ್ದು ನಂದ್ರಲ್ಲಿ. ಹೆಸರು ಮಾತ್ರ ಅವನಿಗೆ."

"ಹಾಗಾದ್ರೆ ಬಾಯ್ಬಿಟ್ಟು ಹೇಳೋ ದಡ್ಡ."

"ಹೇಳಿದ್ರೆ ಕಳ್ಳ ಅಂತಾಳೆ. ಅವಳ ಬಾಯಿಂದ್ಲೇ ಬರ್ಬೇಕು, ಇದು ಎಲ್ಡನ್ ಮಾಡಿದ್ದು ಅಂತ. ಒಂದೇ ಒಂದ್ಸಲ."

ಅವಳಿಗೆ ತಿಳಿಯದಂತೆ ಮಾಡಿದ್ದನ್ನು ಅವಳೇ ಹೇಳಬೇಕಂತೆ! ಬಿಟ್ಟುಬಿಡು ಅಂದರೆ ಡಬ್ಬಿ ಖಾಲಿಯಾದರೆ ಅವಳು ಅಳುತ್ತಾಳೆ ಅನ್ನುತ್ತಿದ್ದ. ಹೀಗೆ ಪ್ರತಿ ಚಳಿಗಾಲವೂ ಬಂದು ಹೊಯ್ದ. ತಾನೇ ಮಾಡಿದ ಜಿಗ್ಗಿನ ಮೇಲೆ ತಾನೇ ಕರುಬಿದ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಸೀಸದ ಗಲಾಟೆ ಶುರುವಾಯಿತು. ಕೆರೆಯಲ್ಲಿ ಮುಳುಗಿ ಮೀನು ಹಿಡಿಯುವ ಲೂನ್ ಹಕ್ಕಿಗಳು ತಳದಲ್ಲಿ ಬಿದ್ದ ಸೀಸದ ಚೂರನ್ನು, ತಿಂದದ್ದು ಅರಗಲೆಂದು ನುಂಗುವ ಕಲ್ಲೆಂದುಕೊಂಡು ನುಂಗಿ ಸಾಯುತ್ತವೆ, ಗಾಳಕ್ಕೂ ಬಂದೂಕಿನ ಗುಂಡಿಗೂ ಸೀಸ ನಿಲ್ಲಿಸಬೇಕು ಎಂದು ಒಂದು ಗುಂಪು. ನಮ್ಮ ಅಜ್ಜಂದಿರ ಕಾಲದಿಂದ ನಡೆದುಬಂದದ್ದನ್ನು ಮುಟ್ಟಿದರೆ ಜೋಕೆ ಎಂದು ಇನ್ನೊಂದು ಗುಂಪು. ನನ್ನ ತಮ್ಮ ಇದ್ದಕ್ಕಿದ್ದಂತೆ ಲೂನ್ ಹಕ್ಕಿಯ ಪರವಾಗಿ ನಿಂತ. ಜೀವಮಾನವಿಡೀ ಸೀಸದ ಗುಂಡನ್ನು ಹಲ್ಲಲ್ಲಿ ಕಚ್ಚಿ ದಾರಕ್ಕೆ ಸಿಕ್ಕಿಸಿದವನು! ಊರಿಗೆ ಆಶ್ಚರ್ಯ, ನನಗಲ್ಲ. ಸೀಸ ನಿಂತರೆ ರೂಡಿಯ ಡಬ್ಬಿ ದೋಣಿಯಿಂದ ಇಳಿಯುತ್ತದೆ, ಅಷ್ಟೇ ಅವನ ಲೆಕ್ಕಾಚಾರ.

ಊರ ಸಭಾಭವನದಲ್ಲಿ ಸಭೆ ಸೇರಿತು. ರಾಜ್ಯದ ವನ್ಯಜೀವಿ ಇಲಾಖೆಯಿಂದ ಬ್ರೆನ್ನಾ ಎಂಬ ಅಧಿಕಾರಿ ಬಂದಿದ್ದಳು. ಸೀಸದ ಗುಂಡಿನಿಂದ ಹೊಡೆದ ಜಿಂಕೆಯ ಮಾಂಸದ ಎಕ್ಸ್‌ರೇ ಹಿಡಿದು, ಅದರಲ್ಲಿ ಉಪ್ಪು ಉದುರಿಸಿದಂತಿದ್ದ ಬಿಳಿ ಚುಕ್ಕೆಗಳನ್ನು ತೋರಿಸಿದಳು. ಇದನ್ನೇ ನಿಮ್ಮ ಮಕ್ಕಳೂ ತಿನ್ನುತ್ತಾರೆ ಅಂದಳು. ಬೇಟೆಗಾರ ಗಾರ್ತ್ ಎದ್ದು, ನಮ್ಮಪ್ಪ ಅದೇ ಮಾಂಸ ತಿಂದು ತೊಂಬತ್ತು ದಾಟಿದ, ಸೀಸದ ಬದಲು ಕೊಳ್ಳಬೇಕಾದ ತಾಮ್ರದ ಗುಂಡಿನ ಬೆಲೆ ಕೇಳಿದ್ದೀಯೇನಮ್ಮಾ ಎಂದ. ಜನ ನಕ್ಕರು. ಅವನ ಮಾತಲ್ಲೂ ಹುರುಳಿತ್ತು. ಬಡವರ ಮನೆಯ ಚಳಿಗಾಲದ ಮಾಂಸ ಅದು. ಆಮೇಲೆ ಎಲ್ಡನ್ ಎದ್ದು, ಸತ್ತವರು ಮಾಡಿಟ್ಟದ್ದಕ್ಕೆಲ್ಲ ಜೋತುಬೀಳಬಾರದು, ಹಳೆಯದನ್ನು ಬಿಡಬೇಕು ಎಂದು ಭಾಷಣ ಬಿಗಿದ. ಇರ್ಮಾ ಪಕ್ಕದಲ್ಲೇ ಸ್ವೆಟರ್ ಹೆಣೆಯುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

ಆಗ ಬ್ರೆನ್ನಾ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಈ ಬೇಸಿಗೆ ನಮ್ಮ ಕೆರೆಯಲ್ಲೇ ಒಂದು ತಾಯಿ ಲೂನ್ ಸತ್ತು ದಡಕ್ಕೆ ಬಂದಿತ್ತು, ಮರಿಯೂ ಉಳಿಯಲಿಲ್ಲ. ಹೊಟ್ಟೆ ಸೀಳಿ ನೋಡಿದಾಗ ಒಳಗೆ ಸಿಕ್ಕಿದ್ದು ಇದು. ಚೀಲ ಕೈಯಿಂದ ಕೈಗೆ ಬಂತು. ಅರ್ಧ ಸವೆದ ಜಿಗ್ಗು, ಗದ್ದದ ಕೆಳಗೆ ನರುಲಿ. ರೂಡಿದು, ರೂಡಿದು ಎಂದು ಗುಸುಗುಸು ಹಬ್ಬಿತು. ಅದು ತನ್ನದೂ ಆಗಿರಬಹುದೆಂದು ಎಲ್ಡನ್‌ಗೆ ಗೊತ್ತಿತ್ತು. ಆದರೂ ಸುಮ್ಮನೆ ಕೂತ. ರೂಡಿಯ ಹೆಸರಿಗೆ ಮಸಿ ಬೀಳುವುದನ್ನು ಕಂಡು ಅವನ ಕಣ್ಣು ಅರಳಿದ್ದನ್ನು ನಾನು ನೋಡಿದೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಖುಷಿಯಾಯಿತು.

ಇರ್ಮಾ ಹೆಣಿಗೆ ಕೆಳಗಿಟ್ಟು ಎದ್ದು ನಿಂತಳು.

"ಅದು ರೂಡಿದಲ್ಲ. ಎಲ್ಡನ್ ಮಾಡಿದ್ದು."

ಗಾರ್ತ್ ತೊಡೆ ತಟ್ಟಿಕೊಂಡು ನಕ್ಕ, ಅವನ ಹಿಂದೆ ಎಲ್ಲರೂ ನಕ್ಕರು. ಎಲ್ಡನ್ ನಾಚಿ ನೆಲಕ್ಕಿಳಿಯುತ್ತಾನೆ ಅಂದುಕೊಂಡೆ. ಅವನು ಎದ್ದು ಹೌದು, ನನ್ನದೇ ಅಂದ. ಮುಖ ನೋಡಿದರೆ ಬಹುಮಾನ ಬಂದವನ ಹಾಗಿತ್ತು.

ವಾಪಸ್ ಬರುವಾಗ ಮೂವರೂ ಅವನ ಪಿಕಪ್ ಗಾಡಿಯಲ್ಲಿ ಒತ್ತಿಕೊಂಡು ಕೂತಿದ್ದೆವು. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಯಾವಾಗಿನಿಂದ ಗೊತ್ತು ಎಂದು ಕೇಳಿದ.

"ಮೊದ್ಲಿಂದ," ಎಂದಳು ಇರ್ಮಾ. "ಹೊಸ ಸೀಸ ಮಿಂಚುತ್ತೆ. ನಂಗೇನು ಕಣ್ಣಿಲ್ವಾ?"

"ಮತ್ತೆ ರೂಡಿದು, ರೂಡಿದು ಅಂತಿದ್ಯಲ್ಲ?"

"ಅಚ್ಚು ಅವನ್ದು ತಾನೆ? ಬಾಯಿಗೆ ಅಭ್ಯಾಸ."

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ನನ್ನ ತಮ್ಮ ಬಿಡುವ ಪೈಕಿಯಲ್ಲ.

"ಡಬ್ಬೀಲಿ ಎರಡೂ ಬೆರ್ತಿರ್ತವಲ್ಲ. ಹಕ್ಕಿ ಹೊಟ್ಟೇಲಿದ್ದಿದ್ದು ನಂದೇ ಅಂತ ಅಷ್ಟು ಗ್ಯಾರಂಟಿ ಹೇಗೆ?"

"ಅವನ ಕಾಲ್ದಲ್ಲಿ ಬಿದ್ದವು ಕೆಸರಲ್ಲಿ ಹೂತು ಎಷ್ಟೋ ವರ್ಷ ಆಯ್ತು. ಡಬ್ಬೀಲೂ ಬೆರ್ತಿಲ್ಲ. ನೀನು ಹಾಕಿದ ದಿನಾನೇ ಅವನವನ್ನೆಲ್ಲ ಆರ್ಸಿ ತೆಗೆದಿಟ್ಟೆ. ಅವನ್ನ ನೀರಿಗೆ ಹಾಕಲ್ಲ ನಾನು. ಕಲ್ಲಿಗೆ ಸಿಕ್ಕೊಂಡು ಹೋದ್ರೆ ಮತ್ತೆಲ್ಲಿ ಸಿಗ್ತವೆ?"

ಮನಸ್ಸು ನೋಯಿಸಲು ಅಂದದ್ದಲ್ಲ. ಒಳ್ಳೆಯ ಪಿಂಗಾಣಿ ದಿನಬಳಕೆಗೆ ತೆಗೆಯುವುದಿಲ್ಲ ಎನ್ನುವ ದನಿಯಲ್ಲೇ ಅಂದಳು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಬಾಗಿಲು ತೆಗೆದು ಅವಳನ್ನು ಆಚೆ ತಳ್ಳಿಬಿಡಬೇಕು ಅನ್ನಿಸಿತು.

ಕಾನೂನು ಇನ್ನೂ ಚರ್ಚೆಯಲ್ಲೇ ಇದೆ, ಗಾರ್ತ್ ಇನ್ನೂ ಕೂಗಾಡುತ್ತಿದ್ದಾನೆ. ಎಲ್ಡನ್ ಮಾತ್ರ ಯಾವ ಕಾನೂನಿಗೂ ಕಾಯದೆ ಡಬ್ಬಿಯ ಸೀಸವನ್ನೆಲ್ಲ ಇಲಾಖೆಗೆ ಒಪ್ಪಿಸಿದ. ರೂಡಿಯವು ಎಲ್ಲಿವೆ ಎಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ತವರ ಕರಗಿಸಿ ಹೊಸ ಅಚ್ಚಿನಲ್ಲಿ ಹೊಯ್ಯುತ್ತಾನೆ, ಶೆಡ್ಡಿನ ಬಾಗಿಲು ತೆರೆದಿಟ್ಟುಕೊಂಡು. ತೂಕ ಕಡಿಮೆ, ಆದರೂ ಮೀನು ಬೀಳುತ್ತವೆ. ಇರ್ಮಾ ಕಂಡಕಂಡವರಿಗೆಲ್ಲ ಇದು ಎಲ್ಡನ್ ಮಾಡಿದ್ದು ಎಂದು ಹೇಳುತ್ತಾಳೆ. ಅವನು ಬೇಡಿದ್ದು ಅಷ್ಟೇ ತಾನೆ?

ಮೊನ್ನೆ ಶನಿವಾರ ಅವರ ದೋಣಿಯಲ್ಲಿ ನಾನೂ ಹೋಗಿದ್ದೆ. ಇರ್ಮಾಳ ಜಿಗ್ಗು ತಳದ ಕಲ್ಲಿಗೆ ಸಿಕ್ಕಿಕೊಂಡಿತು. ಅವಳು ಇನ್ನೊಂದು ಸಲ ಎಳೆದುಕೂಡ ನೋಡಲಿಲ್ಲ, ಚಾಕು ತೆಗೆದು ದಾರ ಕತ್ತರಿಸಿದಳು. ಎಲ್ಡನ್ ಆ ದಾರ ಮುಳುಗುವವರೆಗೂ ನೀರನ್ನೇ ನೋಡುತ್ತಿದ್ದ. ಆಮೇಲೆ ಜೇಬಿನಿಂದ ಇನ್ನೊಂದು ತೆಗೆದು, ತಾನೇ ಅವಳ ದಾರಕ್ಕೆ ಕಟ್ಟಿಕೊಟ್ಟ.